ಪ್ರಾಣಿ ಪ್ರಯೋಗದ ಸಮಿತಿಯಲ್ಲಿ ವಿಜ್ಞಾನಿಯಲ್ಲದವಳು ನಾನೊಬ್ಬಳೇ. ಬಾಯಿ ಬಿಡಬೇಕಾ, ಬೇಡವಾ?

ಪ್ರಶ್ನೆ
ನಮಸ್ಕಾರ. ಬ್ಯಾಂಕಿನಲ್ಲಿ 30 ವರ್ಷ ಸಾಲದ ಅರ್ಜಿ ನೋಡಿ ರಿಟೈರ್ ಆದವಳು ನಾನು. ಈಗ ಒಂದು ಸಂಶೋಧನಾ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆ. ಕಳೆದ ಸಭೆಗೆ 96 ಇಲಿಗಳ ಅರ್ಜಿಯೊಂದು ಬಂತು. "96 ಯಾಕೆ, 60 ಸಾಕಾಗಲ್ವಾ?" ಎಂದೆ. "ಪವರ್ ಅನಾಲಿಸಿಸ್ ಮಾಡಿದ್ದೇವೆ ಮೇಡಂ" ಅಂದರು. ಎಷ್ಟು ಪ್ರಾಣಿ ಬೇಕೆಂದು ಹೇಳುವ ಅಂಕಿಅಂಶದ ಲೆಕ್ಕವಂತೆ ಅದು. ಎಲ್ಲರೂ ಹಾಳೆ ತಿರುವಿದರು. ನನ್ನ ಟೀ ಇನ್ನೂ ಆರಿರಲಿಲ್ಲ, ಅರ್ಜಿ ಪಾಸಾಗಿತ್ತು.

ಅಲ್ಲಿ ಕೂತವರಲ್ಲಿ ಹೆಚ್ಚಿನವರು ಅದೇ ಸಂಸ್ಥೆಯವರು. ಈ ತಿಂಗಳು ಇವರದಕ್ಕೆ ಅವರು ಹೂಂ ಅಂದರೆ, ಮುಂದಿನ ತಿಂಗಳು ಅವರದಕ್ಕೆ ಇವರು. ಬ್ಯಾಂಕಿನಲ್ಲಿ ನಾನು ಹೀಗೆ ಸಾಲ ಕೊಟ್ಟಿದ್ದರೆ ಮನೆಗೆ ಕಳಿಸುತ್ತಿದ್ದರು! ವಿಷಯ ಗೊತ್ತಿದ್ದವರ ಮಾತು ಕೇಳಬೇಕು, ಸರಿ. ಗೊತ್ತಿದ್ದವರೇ ಅರ್ಜಿದಾರರೂ ಆದರೆ? ನಾನಿರುವುದು ಸುಮ್ನೆ ಕೋರಂ ತುಂಬೋಕಾ?

ಉತ್ತರ 1
ಮೇಡಂ, ನಾನು ಲ್ಯಾಬ್ ಪ್ರಾಣಿಗಳ ಡಾಕ್ಟರ್. ನೀವು ಕೇಳಿದ್ದು ಸರಿಯಾಗಿಯೇ ಇದೆ. ಬ್ರಿಟನ್ನಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಮೂರು ಮಾತು ಹೇಳಿದ್ದರು: ಪ್ರಾಣಿ ಬಿಟ್ಟು ಬೇರೆ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ಇಳಿಸಿ. ಪವರ್ ಎಂದ ಕೂಡಲೇ ಸುಮ್ಮನಾಗಬೇಡಿ. "ಇಲಿಗಳ ಗುಂಪುಗಳ ನಡುವೆ ಎಷ್ಟು ವ್ಯತ್ಯಾಸ ಕಾಣುತ್ತೆ ಅಂತ ಲೆಕ್ಕ ಹಾಕಿದಿರಿ? ಆ ಅಂದಾಜು ಎಲ್ಲಿಂದ ಬಂತು?" ಎಂದು ಕೇಳಿ. ಮಾಮೂಲಿ ಮಾತಿನಲ್ಲಿ ಉತ್ತರ ಬರಬೇಕು.

ಸಂಖ್ಯೆಗಿಂತ ಜಾಸ್ತಿ ಕೆಲಸಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ. ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸಿ ದಯಾಮರಣ ಕೊಡುತ್ತೀರಿ? "ತೂಕ ಶೇ. 20 ಇಳಿದರೆ" ಎಂದು ಬರೆದಿರುತ್ತಾರೆ. ಭಾನುವಾರ ತೂಕ ಹಾಕುವವರು ಯಾರು ಎಂದು ಬರೆದಿರುವುದಿಲ್ಲ. ನೋವಿರುವ ಇಲಿ ಕಿರುಚಾಡುವುದಿಲ್ಲ ಮೇಡಂ. ಬೆನ್ನು ಗೂನು ಮಾಡಿ, ಕೂದಲು ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ ಮೂಲೆಯಲ್ಲಿ ಕೂತಿರುತ್ತದೆ. ಅದನ್ನು ನೋಡೋಕೆ ಒಬ್ಬರು ಅಲ್ಲಿರಬೇಕಲ್ವಾ?

ಉತ್ತರ 2
ನಾನು ಅರ್ಜಿ ಹಾಕುವ ಕಡೆಯವನು, ಸ್ವಲ್ಪ ಬೇಜಾರಾಯಿತು. ಕಣ್ಣಂದಾಜಿಗೆ 60ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಫಲಿತಾಂಶ ಸ್ಪಷ್ಟವಾಗದಿದ್ದರೆ ಆ 60 ಇಲಿಗಳೂ ದಂಡ, ಮತ್ತೆ ಮೊದಲಿಂದ ಶುರು. ಇದು ಕರುಣೆಯಾ? ಇನ್ನು ಜನ ಪ್ರಯೋಗವೇ ಬೇಡ ಅಂತಾರೆ ಎನ್ನುವುದೂ ನಿಜವಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2022ರಲ್ಲಿ ಪೂರ್ತಿ ನಿಷೇಧದ ಪ್ರಸ್ತಾಪ ಮತಕ್ಕೆ ಬಂದಾಗ ಸುಮಾರು ಶೇ. 79 ಮಂದಿ ತಿರಸ್ಕರಿಸಿದರು.

ಪ್ರಶ್ನೆ ಕೇಳಿದವರು
ಸರ್, ನಿಷೇಧ ಎಂದು ನಾನೆಲ್ಲಿ ಹೇಳಿದೆ? 60 ಎಂದಿದ್ದು ಬಾಯಿಗೆ ಬಂದ ಸಂಖ್ಯೆ, ಅದು ನನ್ನ ತಪ್ಪು. ಈಗ ನೀವು ಮೂರು ಸಾಲಿನಲ್ಲಿ ಹೇಳಿದ್ದನ್ನು ಅವತ್ತು ಅವರು ಹೇಳಿದ್ದರೆ ಈ ಪ್ರಶ್ನೆ ಹಾಕುತ್ತಲೇ ಇರಲಿಲ್ಲ.

ತಜ್ಞರ ಕೈಗೇ ಬಿಡಿ ಎನ್ನುವವರಿಗೆ ಒಂದು ತಮಾಷೆ: ಅಮೆರಿಕದಲ್ಲಿ ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬರು ಸಮಿತಿಯಲ್ಲಿ ಇರಲೇಬೇಕು ಎಂದು 1985ರಲ್ಲಿ ಪ್ರಾಣಿ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತಂದರು. ಆದರೆ ಅದೇ ಕಾಯ್ದೆಯ ಲೆಕ್ಕದಲ್ಲಿ, ಪ್ರಯೋಗಕ್ಕೆಂದೇ ಸಾಕಿದ ಇಲಿ ಪ್ರಾಣಿಯೇ ಅಲ್ಲ!

ಡಾಕ್ಟ್ರೇ, ಭಾನುವಾರದ ಪ್ರಶ್ನೆ ಡೈರಿಯಲ್ಲಿ ಬರೆದುಕೊಂಡೆ. ಮುಂದಿನ ಸಭೆ 14ಕ್ಕೆ.