ಜೇನು ಪೆಟ್ಟಿಗೆಯಲ್ಲಿ ಬಿಳಿ ಹುಳು: ಜೀರುಂಡೆಯದೋ, ಮೇಣದ ಪತಂಗದ್ದೋ?

ಪ್ರಶ್ನೆ – ಕುವೆಂಪುನಗರ, ಮೈಸೂರು
ನಮ್ಮ ಹಿತ್ತಲಿನಲ್ಲಿ ಎರಡು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಮಳೆ ಹಿಡಿದ ಮೇಲೆ ಒಂದರಲ್ಲಿ ಜೇನುನೊಣಗಳು ಕಡಿಮೆಯಾಗಿದ್ದು, ಅಡಿಹಲಗೆಯ ಮೇಲೆ ಬಿಳಿ ಹುಳುಗಳೂ ಮೇಣದ ಪುಡಿಯೂ ಕಾಣುತ್ತಿವೆ. ಪೆಟ್ಟಿಗೆಗಳನ್ನು ಹಾಳುಮಾಡುವ ಸಣ್ಣ ಕಪ್ಪು ಜೀರುಂಡೆಯ ವಿಷಯವನ್ನು ಓದಿ ಗಾಬರಿಯಾಗಿದೆ. ಯಾವ ಔಷಧವನ್ನು ಸಿಂಪಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಪಾಂಡವಪುರ
ಯಾವ ಔಷಧವನ್ನೂ ಸಿಂಪಡಿಸಬೇಡಿ; ಹುಳುವನ್ನು ಕೊಲ್ಲುವ ಕೀಟನಾಶಕ ನೊಣವನ್ನೂ ಉಳಿಸುವುದಿಲ್ಲ. ಮೊದಲು ಎರಿಯನ್ನು (ನೊಣಗಳು ಕಟ್ಟಿದ ಮೇಣದ ಹಲ್ಲೆಯನ್ನು) ಬೆಳಕಿಗೆ ಹಿಡಿದು ನೋಡಿ. ನೂಲಿನ ಸುರಂಗಗಳೂ ಅವುಗಳ ತುಂಬ ಕಪ್ಪು ಹಿಕ್ಕೆಯೂ ಇದ್ದರೆ ಅದು ಮೇಣದ ಪತಂಗದ ಹುಳು. ಜೀರುಂಡೆಯ ಹುಳು ನೂಲು ನೇಯುವುದಿಲ್ಲ. ಅದಕ್ಕೆ ತಲೆಯ ಹತ್ತಿರ ಮೂರು ಜೊತೆ ಕಾಲುಗಳು ಮಾತ್ರ ಇದ್ದು, ಬೆನ್ನಿನ ಮೇಲೆ ಸಾಲಾಗಿ ಮುಳ್ಳುಗಳಿರುತ್ತವೆ, ಅದು ಹರಿದಾಡಿದ ಎರಿಯಲ್ಲಿ ಜೇನುತುಪ್ಪ ಹುಳಿತು ಲೋಳೆಯಾಗಿ ಸೋರುತ್ತದೆ. ನೀವು ವಿವರಿಸಿರುವುದನ್ನು ನೋಡಿದರೆ ಪತಂಗವೇ ಇರಬೇಕು.

ಎರಡಕ್ಕೂ ಮೂಲ ಒಂದೇ: ಕಾಯಲು ಸಾಕಾಗುವಷ್ಟು ನೊಣಗಳಿಲ್ಲದೆ ಎರಿಗಳು ಹೆಚ್ಚಾಗಿರುವುದು. ನೊಣಗಳು ಆವರಿಸದ ಎರಿಗಳನ್ನು ಇಂದೇ ಹೊರತೆಗೆಯಿರಿ, ಅಡಿಹಲಗೆಯನ್ನು ವಾರಕ್ಕೊಮ್ಮೆ ಕೆರೆದು ಆ ಕಸವನ್ನು ಸುಡಿ, ಬಿರುಕುಗಳನ್ನು ಮುಚ್ಚಿ, ಬಾಗಿಲನ್ನು ಕಿರಿದು ಮಾಡಿ. ತಡಮಾಡಿದರೆ ತುಡುವೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಈ ವಿಷಯದಲ್ಲಿ ಅದಕ್ಕೆ ಮೆಲ್ಲಿಫೆರಾದಷ್ಟು (ಯುರೋಪಿನ ಸಾಕು ಜೇನಿನಷ್ಟು) ತಾಳ್ಮೆಯಿಲ್ಲ.

ಉತ್ತರ – ಮದ್ದೂರು
ಮೇಲಿನವರ ಮಾತು ಸರಿಯಾಗಿದೆ. ಆದರೆ ಜೀರುಂಡೆಯನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಬಾರದು. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಈ ಕೀಟ 1998ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾಯಿತು. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಗಿದೆ. ಅದರ ಹುಳು ಪೆಟ್ಟಿಗೆಯಿಂದ ಇಳಿದು ಮಣ್ಣಿನೊಳಗೆ ಕೋಶಾವಸ್ಥೆಯನ್ನು ಕಳೆಯುವುದರಿಂದ, ತೆಂಗಿನ ಬುಡದ ಹಸಿ ಮಣ್ಣಿಗಿಂತ ಬಿಸಿಲು ಬೀಳುವ ಗಟ್ಟಿ ನೆಲವೇ ಪೆಟ್ಟಿಗೆಗೆ ಒಳ್ಳೆಯದು. ಪ್ರೌಢ ಜೀರುಂಡೆಗಳನ್ನು ಹಿಡಿಯಲು ಹೊರದೇಶಗಳಲ್ಲಿ ಚೌಕಟ್ಟುಗಳ ನಡುವೆ ಅಡುಗೆ ಎಣ್ಣೆ ತುಂಬಿದ ಕಿರಿದಾದ ಬಲೆಗಳನ್ನು ಇಡುತ್ತಾರೆ. ಅನುಮಾನವಿದ್ದರೆ ನಾಲ್ಕಾರು ಹುಳುಗಳನ್ನು ಸ್ಪಿರಿಟ್‌ನಲ್ಲಿ ಹಾಕಿಕೊಂಡು ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನ ಕೀಟಶಾಸ್ತ್ರದವರಿಗೆ ತೋರಿಸಿ.

ಪ್ರಶ್ನೆ ಕೇಳಿದವರು
ಎರಿಯ ತುಂಬ ನೂಲೇ ಇದೆ, ಪತಂಗವೆಂಬುದು ಖಚಿತವಾಯಿತು. ಹೊರತೆಗೆದ ಎರಿಗಳಲ್ಲಿ ಎರಡು ಇನ್ನೂ ಚೆನ್ನಾಗಿವೆ. ಅವುಗಳನ್ನು ಮತ್ತೆ ಬಳಸಬಹುದೇ?

ಉತ್ತರ – ಪಾಂಡವಪುರ
ಬಳಸಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ದಿನವಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಆಮೇಲೆ ಚೀಲವನ್ನು ಬಿಚ್ಚದೆ ಇಟ್ಟುಕೊಂಡು, ಜೇನು ಕುಟುಂಬ ಬಲಗೊಂಡಾಗ ಒಂದೊಂದಾಗಿ ಕೊಡಿ. ನೂಲು ಕಟ್ಟಿದ ಎರಿಗಳನ್ನು ಮಾತ್ರ ಕರಗಿಸಿ ಮೇಣ ಮಾಡಿಕೊಳ್ಳಿ.