ಸಹಾಯ ಬೇಕು: ನಡೀತಾ ಮಾತಾಡೋ ದೃಶ್ಯದ ಸೌಂಡ್

2004ರ 'ಬಿಫೋರ್ ಸನ್‌ಸೆಟ್' ಸಿನಿಮಾ ಥರ ಇಬ್ಬರು ನಡೀತಾ ಮಾತಾಡೋ 7 ನಿಮಿಷದ ದೃಶ್ಯ ನಮ್ಮದು, ಕಟ್ ತೀರಾ ಕಡಿಮೆ. ಆ ಸಿನಿಮಾದಲ್ಲಿ ಮಾತೆಲ್ಲ ಮೊದಲೇ ಬರೆದು ತಾಲೀಮು ಮಾಡಿದ್ದು, ಸೆಟ್‌ನಲ್ಲಿ ಹುಟ್ಟಿದ್ದಲ್ಲ. ಹಾಗಾಗಿ ತಾಲೀಮು ಇಲ್ಲೂ ಆಗಿದೆ. ತೊಂದರೆ ಇರೋದು ಸೌಂಡಲ್ಲಿ.

ಇಬ್ಬರಿಗೂ ಕಾಲರ್ ಮೈಕ್, ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಪೀಕ್ ಮೈನಸ್ 12 ಡಿಬಿ. ಹತ್ತಿರ ಬಂದಾಗ ಒಬ್ಬರ ಮಾತು ಇನ್ನೊಬ್ಬರ ಮೈಕಿಗೂ ತುಸು ತಡವಾಗಿ ಬಿದ್ದು, ಎರಡೂ ಟ್ರ್ಯಾಕ್ ಕೂಡಿದರೆ ದನಿ ಡಬ್ಬದೊಳಗಿಂದ ಬಂದ ಹಾಗೆ. ಸುಮ್ಮನಿರೋರ ಟ್ರ್ಯಾಕ್ ಮ್ಯೂಟ್ ಮಾಡಿದರೆ ಹಿನ್ನೆಲೆ ಸದ್ದು ಪಟ್ಟನೆ ಬೀಳುತ್ತೆ. ಅಡಿಯಲ್ಲಿ 1 ನಿಮಿಷದ ಆಂಬಿಯೆನ್ಸ್ (ಮಾತಿಲ್ಲದ, ಆ ಜಾಗದ ಬರೀ ಹಿನ್ನೆಲೆ ಸದ್ದು) ಹಾಸಿದರೆ ಅದು ಸರಿ. ಆದರೆ ಮಾತಿನ ಮೇಲೆ ಮಾತು ಬೀಳೋ ಕಡೆ ಏನು ಮಾಡೋದು? ಸೆರಗಿನ ಸರಸರ ಬೇರೆ!

ಡಬ್ಬಿಂಗ್ ಬೇಡ, ಉಸಿರೇ ಸತ್ತುಹೋಗುತ್ತೆ. ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿ ಹಿಡಿಯೋ ಮೈಕ್) ಮುಖ್ಯ ಮಾಡಿಕೊಂಡು ಕಾಲರ್ ಮೈಕನ್ನು ಅದಕ್ಕೆ ಹೊಂದಿಸಿದವರು ಇದ್ದರೆ ಕ್ರಮ ತಿಳಿಸಿ.