ಒಂದೇ ಕೆಲಸದಲ್ಲಿ ಕೂರುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕುಳಿತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಒಂದು ಕಣ್ಣು ಪುಟದ ಮೇಲೆ, ಒಂದು ಕಿವಿ ಕುಕ್ಕರಿನ ಸೀಟಿಯ ಮೇಲೆ, ಕೈ ಮೊಬೈಲಿನ ಮೇಲೆ. ಇದನ್ನೇ ಇಷ್ಟು ದಿನ ಜಾಣತನ ಎಂದುಕೊಂಡಿದ್ದೆ. ಕಳೆದ ವಾರ ಒಂದು ಮದುವೆಯ ಕರೆಯೋಲೆಯಲ್ಲಿ ‘ಹಾರ್ದಿಕ ಸ್ವಾಗತ’ ಎಂದಿರಬೇಕಾದಲ್ಲಿ ‘ಆರ್ಥಿಕ ಸ್ವಾಗತ’ ಎಂದಿದ್ದುದು ನನ್ನ ಕಣ್ಣು ತಪ್ಪಿಸಿ 500 ಪ್ರತಿ ಅಚ್ಚಾಯಿತು. ವಧುವಿನ ತಂದೆ ನಗಲಿಲ್ಲ. ಮರುಮುದ್ರಣದ ಖರ್ಚು ನನ್ನದೇ. ಅಂದು ಹಾಲೂ ಉಕ್ಕಿತ್ತು ಅನ್ನಿ.

ಸಭೆಯಲ್ಲಿ ಆಶುವಾಗಿ ಪದ್ಯ ಕಟ್ಟುವ ಅಷ್ಟಾವಧಾನಿಗಳು ಪ್ರಶ್ನೆ ಕೇಳುವ ಎಂಟು ಪೃಚ್ಛಕರನ್ನು ಒಟ್ಟಿಗೆ ನಿಭಾಯಿಸುವುದಿಲ್ಲವೇ ಎಂದು ಮನೆಯವರು ಕೇಳುತ್ತಾರೆ. ಆದರೆ ಅವರೂ ಒಬ್ಬರಿಗೆ ಪದ್ಯದ ಒಂದು ಪಾದ ಹೇಳಿ ಮುಗಿಸಿಯೇ ಇನ್ನೊಬ್ಬರತ್ತ ತಿರುಗುತ್ತಾರೆ. ಬಿಟ್ಟಲ್ಲಿಂದಲೇ ಮುಂದುವರಿಸುವ ಧಾರಣೆ ಅವರಿಗಿದೆ, ನನಗಿಲ್ಲ. ಒಂದು ಕರೆ ಮುಗಿಸಿ ಬಂದರೆ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತಿರುತ್ತದೆ.

25 ನಿಮಿಷ ಕೆಲಸ, 5 ನಿಮಿಷ ವಿರಾಮ ಎನ್ನುವ ಪೊಮೊಡೊರೊ ವಿಧಾನವನ್ನು ಪ್ರಯತ್ನಿಸಿದೆ. ಗಡಿಯಾರ ಮೊಬೈಲಿನಲ್ಲೇ ಇದ್ದುದರಿಂದ ಸಮಯ ನೋಡಲು ಹೋಗಿ ಸಂದೇಶ ಓದುತ್ತಾ ಕುಳಿತೆ. ಈಗ ಮೊಬೈಲನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೇನೆ. ಆದರೆ ಮಗಳ ಶಾಲೆಯಿಂದ ಯಾವಾಗ ಕರೆ ಬರುವುದೋ ಎಂಬ ದಿಗಿಲು.

ಮನೆಯಿಂದಲೇ ದುಡಿಯುವವರು ದಯವಿಟ್ಟು ತಿಳಿಸಿ: ತುರ್ತು ಕರೆ ಮಾತ್ರ ಕೇಳಿಸುವಂತೆ ಮೊಬೈಲನ್ನು ಹೇಗೆ ಹೊಂದಿಸಿಕೊಂಡಿದ್ದೀರಿ? ನಡುವೆ ಎದ್ದು ಹೋದರೆ ಬಿಟ್ಟ ಜಾಗದ ಗುರುತನ್ನು ಹೇಗೆ ಇಟ್ಟುಕೊಳ್ಳುತ್ತೀರಿ? ಧ್ಯಾನ ಮಾಡಿ ಎನ್ನಬೇಡಿ, ನಿದ್ದೆ ಬರುತ್ತದೆ.